ಗೀಸರ್ ಕೈಕೊಟ್ಟಾಗ: ಕೆಟ್ಟಿದ್ದು ಯಾವುದು, ಖರ್ಚು ಎಷ್ಟು

ಹೋದ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರೀ ತಣ್ಣೀರು. ಮೆಕ್ಯಾನಿಕ್ ಬಂದರು. ಗೀಸರ್ ಕೆಳಗೆ ನಿಂತು ತಲೆ ಎತ್ತಿ ನೋಡಿದರು, ಟೆಸ್ಟರ್ ಹಿಡಿಯಿಂದ ಎರಡು ಸಲ ಕುಟ್ಟಿದರು. "ಸಾರ್, ಕಾಯಿಲ್ ಹೋಗಿದೆ. ಥರ್ಮೋಸ್ಟ್ಯಾಟೂ ಡೌಟು. ಎಲ್ಲಾ ಸೇರಿ 2,800 ಆಗುತ್ತೆ." ಕಾಯಿಲ್ ಅಂದರೆ ನೀರು ಕಾಯಿಸುವ ಭಾಗ, ಥರ್ಮೋಸ್ಟ್ಯಾಟ್ ಅಂದರೆ ನೀರು ಕಾದ ಮೇಲೆ ಕರೆಂಟ್ ಕಟ್ ಮಾಡುವ ಭಾಗ. ಇನ್ನೂ ಕವರೇ ಬಿಚ್ಚಿರಲಿಲ್ಲ. ಬಿಚ್ಚಿ ನೋಡೋಣ ಅಂದೆ. ಅದಕ್ಕೆಂದು ಪ್ಲಗ್ ಎಳೆದರೆ ಸಾಕೆಟ್‌ಗೆ ಅಂಟಿಕೊಂಡು ಬರಲೇ ಇಲ್ಲ. ಅಲ್ಲಾಡಿಸಿ ಕಿತ್ತಾಗ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಕಾಯಿಲ್ ಚೆನ್ನಾಗಿತ್ತು, ಥರ್ಮೋಸ್ಟ್ಯಾಟೂ ಚೆನ್ನಾಗಿತ್ತು. ಹೊಸ ಸಾಕೆಟ್, ಹೊಸ ಪ್ಲಗ್ ಟಾಪ್, ಎರಡೂ ಸೇರಿ ಅಂಗಡಿಯಲ್ಲಿ 260 ರೂಪಾಯಿ.

ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ ಹತ್ತು ಮನೆ ಸುತ್ತುವವರು ಊಹೆ ಮಾಡಿಯೇ ಮಾತಾಡುತ್ತಾರೆ, ಆ ಊಹೆ ಎಷ್ಟೋ ಸಲ ಸರಿಯೂ ಇರುತ್ತದೆ. ಆದರೆ ತಪ್ಪಿದಾಗ ದುಡ್ಡು ಹೋಗುವುದು ನಮ್ಮದು. ಅದಕ್ಕೇ ಫೋನ್ ಮಾಡುವ ಮೊದಲು ತೊಂದರೆ ಕರೆಂಟಿನದೋ, ಕಾಯಿಲಿನದೋ, ನೀರಿನದೋ ಅಂತ ನಾವೇ ಒಂದು ಅಂದಾಜಿಗೆ ಬರಬೇಕು. ಅದಕ್ಕೆ ಎಲೆಕ್ಟ್ರಿಷಿಯನ್ ಆಗಬೇಕಾಗಿಲ್ಲ.

ಇಲ್ಲಿ ಹೇಳುತ್ತಿರುವುದು 15 ಅಥವಾ 25 ಲೀಟರಿನ, ಗೋಡೆಗೆ ನೇತುಹಾಕುವ ಮಾಮೂಲಿ ಕರೆಂಟ್ ಗೀಸರ್ ಬಗ್ಗೆ. ಗ್ಯಾಸ್ ಗೀಸರ್ ಬಗ್ಗೆ ಕೊನೆಯ ಕಡೆ ನಾಲ್ಕು ಮಾತು ಇದೆ.

ಕೈ ಹಾಕುವ ಮೊದಲು

ಬಚ್ಚಲ ಹೊರಗಿನ ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ಹಳೆಯ ಮನೆಗಳಲ್ಲಿ ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಮೇಲೆ ಕೂರಿಸಿರುತ್ತಾರೆ. ಸ್ವಿಚ್ ಆಫ್ ಆದರೂ ಗೀಸರ್ ಒಳಗೆ ಫೇಸ್ ಹಾಗೇ ಇರುತ್ತದೆ. ಮನೆಯ ಕರೆಂಟ್ ಹಂಚುವ ಡಿಬಿ ಬಾಕ್ಸಿಗೆ ಹೋಗಿ ಗೀಸರಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಪ್ಲಗ್ ಕಿತ್ತು ಹೊರಗಿಡಿ, ಆಮೇಲೆ ಕವರ್ ಮುಟ್ಟಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಯಾವ ಪರೀಕ್ಷೆಯನ್ನೂ ಮಾಡಬೇಡಿ.

ನಲ್ಲಿ ಮುಟ್ಟಿದಾಗ ಕೈ ಜುಮ್ ಅನ್ನುತ್ತಿದೆಯಾ? ಹಾಗಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಕಾಯಿಲ್ ಒಡೆದು ಕರೆಂಟ್ ನೀರಿಗೆ ಬರುತ್ತಿದೆ, ಜೊತೆಗೆ ಅರ್ಥಿಂಗೂ ಸರಿ ಇಲ್ಲ ಅಂತ ಅರ್ಥ. ಅರ್ಥಿಂಗ್ ಸರಿ ಇದ್ದಿದ್ದರೆ ಕೈಗೆ ಬರುವ ಮೊದಲೇ ಕರೆಂಟ್ ಅರ್ಥ್ ವೈರಿನಿಂದ ನೆಲಕ್ಕೆ ಇಳಿದಿರುತ್ತಿತ್ತು.

ಮೊದಲು ದೀಪ ನೋಡಿ

ಗೀಸರ್ ಮುಖದ ಮೇಲಿನ ಕೆಂಪು ದೀಪವೇ ಅರ್ಧ ಕಥೆ ಹೇಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಎರಡು ದೀಪ ಇರುತ್ತವೆ, ಒಂದು ಕರೆಂಟ್ ಬಂದಿದೆ ಅನ್ನುವುದಕ್ಕೆ, ಇನ್ನೊಂದು ನೀರು ಕಾಯುತ್ತಿದೆ ಅನ್ನುವುದಕ್ಕೆ. ನಮಗೆ ಬೇಕಾದ್ದು ಕಾಯುವ ದೀಪ. ಕಾಯಿಲಿಗೆ ಕರೆಂಟ್ ಹೋಗುತ್ತಿರುವಷ್ಟು ಹೊತ್ತು ಅದು ಉರಿಯುತ್ತದೆ, ನೀರು ಕಾದ ಮೇಲೆ ಥರ್ಮೋಸ್ಟ್ಯಾಟ್ ಕಟ್ ಮಾಡಿದಾಗ ಆರುತ್ತದೆ.

ದೀಪ ಹತ್ತಲೇ ಇಲ್ಲ, ನೀರೂ ತಣ್ಣಗಿದೆ ಎಂದರೆ ಕರೆಂಟ್ ಕಾಯಿಲ್ ತನಕ ಬರುತ್ತಿಲ್ಲ. ಎಂಸಿಬಿ ನೋಡಿ, ಆಮೇಲೆ ಪ್ಲಗ್ ನೋಡಿ. 2,000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಪಾಯಿಂಟ್ ಅದನ್ನು ತಡೆಯುವುದಿಲ್ಲ, 16 ಆಂಪಿಯರ್ ಪಾಯಿಂಟೇ ಬೇಕು, ವೈರೂ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ್ದಿರಬೇಕು. 16 ಆಂಪಿಯರ್ ಪಾಯಿಂಟ್ ಇದ್ದರೂ ಒಳಗಿನ ಸ್ಕ್ರೂ ಸಡಿಲವಾದರೆ ಅಲ್ಲೇ ಕಾಯಲು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಆಗಿದ್ದೂ ಅದೇ. ಇದಕ್ಕೆ ಸುಲಭದ ಪರೀಕ್ಷೆ ಒಂದಿದೆ: ಗೀಸರ್ ಹತ್ತು ನಿಮಿಷ ಓಡಲಿ, ಸ್ವಿಚ್ಚು, ಎಂಸಿಬಿ ಎರಡನ್ನೂ ಆಫ್ ಮಾಡಿ ಪ್ಲಗ್ ಎಳೆದು ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಹಿಡಿದುಕೊಳ್ಳಲು ಆಗದಷ್ಟು ಸುಡುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಪ್ಲಗ್ಗೂ ಸಾಕೆಟ್ಟೂ ಎರಡನ್ನೂ ಬದಲಿಸಿ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಪ್ಲಗ್ ಸರಿ ಇದ್ದರೆ ಕೆಳಗಿನ ಕವರ್ ಬಿಚ್ಚಿ. ಥರ್ಮೋಸ್ಟ್ಯಾಟ್ ಹತ್ತಿರ ಒಂದು ಕಟ್‌ಔಟ್ ಇರುತ್ತದೆ, ನಡುವೆ ಸಣ್ಣ ಬಟನ್. ನೀರು ಮಿತಿಮೀರಿ ಕಾದರೆ ಅದು ತಾನೇ ಕರೆಂಟ್ ಕಡಿಯುತ್ತದೆ, ಮತ್ತೆ ಕೈಯಿಂದ ಒತ್ತುವ ತನಕ ಕೂಡಿಕೊಳ್ಳುವುದಿಲ್ಲ. ಒತ್ತಿ. 'ಟಕ್' ಅಂದರೆ ಅದು ಹಾರಿತ್ತು ಅಂತ. ಒಂದು ಸಲ ಹಾರಿದ್ದನ್ನು ಒತ್ತಿ ನೋಡಬಹುದು. ಎರಡು ದಿನಕ್ಕೆ ಮತ್ತೆ ಹಾರಿದರೆ ಸುಮ್ನೆ ಒತ್ತುತ್ತಾ ಕೂರಬೇಡಿ, ಥರ್ಮೋಸ್ಟ್ಯಾಟ್ ಅಂಟಿಕೊಂಡು ಕಟ್ ಮಾಡದೇ ಇರುವುದೇ ಸಾಮಾನ್ಯ ಕಾರಣ.

ಇಲ್ಲೊಂದು ಮಾತು. ಕೆಲವರು "ಕಟ್‌ಔಟ್ ಬೇಡ ಸಾರ್, ಡೈರೆಕ್ಟ್ ಮಾಡಿಕೊಡ್ತೀನಿ" ಅಂತ ಎರಡು ವೈರ್ ತಿರುಚಿ ಟೇಪ್ ಸುತ್ತಿ ಹೋಗುತ್ತಾರೆ. ಗೀಸರ್ ಓಡುತ್ತದೆ, ಕೇಳಿದ್ದೂ ಬರೀ 200 ರೂಪಾಯಿ. ಆದರೆ ಆಮೇಲೆ ಥರ್ಮೋಸ್ಟ್ಯಾಟ್ ಅಂಟಿಕೊಂಡ ದಿನ ಮುಚ್ಚಿದ ಟ್ಯಾಂಕ್ ಒಳಗೆ ನೀರು ಕುದಿಯುತ್ತಾ ಒತ್ತಡ ಏರುತ್ತಲೇ ಹೋಗುತ್ತದೆ, ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಸೇಫ್ಟಿ ವಾಲ್ವ್ ಕೂಡ ಸುಣ್ಣ ಕಟ್ಟಿ ಮುಚ್ಚಿಹೋಗಿದ್ದರೆ ಅದು ನಿಮ್ಮ ತಲೆಯ ಮೇಲೆ ತೂಗುಹಾಕಿದ ಬಾಂಬೇ. ಡೈರೆಕ್ಟ್ ಮಾತ್ರ ಯಾವ ಕಾರಣಕ್ಕೂ ಮಾಡಿಸಬೇಡಿ.

ದೀಪ ಉರಿಯುತ್ತಲೇ ಇದೆ, ಮುಕ್ಕಾಲು ಗಂಟೆಯಾದರೂ ನೀರು ತಣ್ಣಗೇ ಇದೆ ಎಂದರೆ ಕಾಯಿಲ್ ಹೋಗಿದೆ. ದೀಪ ಕಾಯಿಲಿನ ಎರಡು ತುದಿಗೆ ಅಡ್ಡ ಕೂತಿರುತ್ತದೆ, ಕಾಯಿಲ್ ಒಳಗೆ ತುಂಡಾಗಿದ್ದರೂ ಅದು ಉರಿಯುತ್ತದೆ. ಮಲ್ಟಿಮೀಟರ್ ಇದ್ದರೆ ಊಹೆಯೇ ಬೇಡ. ಪ್ಲಗ್ ಕಿತ್ತು, ಕಾಯಿಲಿನ ವೈರ್ ಬಿಡಿಸಿ, ಎರಡು ಟರ್ಮಿನಲ್ ನಡುವೆ ಓಮ್ಸ್ ನೋಡಿ. 230 ಗುಣಿಸು 230, ಭಾಗಿಸು ವ್ಯಾಟ್. 2,000 ವ್ಯಾಟ್ ಕಾಯಿಲ್ ಆದರೆ 26ರ ಹತ್ತಿರ ಬರಬೇಕು, 3,000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಆದರೆ 17–18. ಒಂದೆರಡು ಆಚೀಚೆ ಇದ್ದರೆ ಚಿಂತೆಯಿಲ್ಲ. ಮೀಟರ್ ಏನನ್ನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ.

ಬಿಸಿ ಬರುತ್ತದೆ, ಆದರೆ ಸಾಲುವುದಿಲ್ಲ

ಇದೇ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ತೊಂದರೆ. ಗೀಸರ್ ಚೆನ್ನಾಗಿದ್ದರೂ ಉಗುರುಬೆಚ್ಚಗಿನ ನೀರು ಬರಬಹುದು. ಮಿಕ್ಸರ್ ನಲ್ಲಿಯ ಒಳಗಿನ ವಾಷರ್ ಸವೆದರೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ನೀವು ಗೀಸರನ್ನು ಬಯ್ಯುತ್ತೀರಿ, ಮೆಕ್ಯಾನಿಕ್ ಥರ್ಮೋಸ್ಟ್ಯಾಟ್ ಬದಲಿಸುತ್ತಾರೆ, ನೀರು ಮಾತ್ರ ಹಾಗೇ ಇರುತ್ತದೆ.

ಪರೀಕ್ಷೆ ಎರಡು ನಿಮಿಷದ್ದು. ಗೀಸರ್ ಆಫ್ ಮಾಡಿ, ಅದಕ್ಕೆ ತಣ್ಣೀರು ಹೋಗುವ ಪೈಪಿನ ಆಂಗಲ್ ವಾಲ್ವ್ ಪೂರ್ತಿ ಮುಚ್ಚಿ. ಈಗ ಬಿಸಿನೀರಿನ ನಲ್ಲಿ ತಿರುಗಿಸಿ. ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಅದು ಗೀಸರ್ ನೀರಲ್ಲ, ಬೇರೆಲ್ಲೋ ಮಿಕ್ಸರ್‌ನಿಂದ ದಾಟಿ ಬರುತ್ತಿರುವ ತಣ್ಣೀರು. (ಆಂಗಲ್ ವಾಲ್ವೇ ಪೂರ್ತಿ ಮುಚ್ಚುತ್ತಿಲ್ಲದೆಯೂ ಇರಬಹುದು, ಅದನ್ನೂ ನೋಡಿಕೊಳ್ಳಿ.) ಕರೆಸಬೇಕಾದ್ದು ಪ್ಲಂಬರನ್ನು.

ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. 60 ಡಿಗ್ರಿಗೆ ಕಾದ 15 ಲೀಟರ್ ನೀರಿಗೆ 22 ಡಿಗ್ರಿಯ ತಣ್ಣೀರು ಬೆರೆಸಿ ಮೈಗೆ ಹಿತವಾಗುವ 40 ಡಿಗ್ರಿ ಮಾಡಿದರೆ ಸುಮಾರು 30 ಲೀಟರ್ ಆಗುತ್ತದೆ. ಎರಡು ಬಕೆಟ್. ಮೊದಲು ಎರಡು ಬಕೆಟ್ ಬರುತ್ತಿದ್ದದ್ದು ಈಗ ಒಂದಕ್ಕೆ ಇಳಿದಿದ್ದರೆ ಗೀಸರಿನದೇ ತಪ್ಪು. ಹೊಸದಾಗಿ ದೊಡ್ಡ ಶವರ್ ಹಾಕಿಸಿಕೊಂಡು ಮೂರು ನಿಮಿಷಕ್ಕೆ ತಣ್ಣಗಾಯಿತು ಅಂದರೆ ಗೀಸರ್ ಏನು ಮಾಡಬೇಕು ಹೇಳಿ?

ಸುಣ್ಣ

ಊರಿನ ಬಚ್ಚಲಲ್ಲಿ ತಾಮ್ರದ ಹಂಡೆ ಇರುತ್ತಿತ್ತಲ್ಲ, ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಹಂಡೆಯ ಬಾಯಿ ಅಗಲ, ಒಳಗೆ ಬಿಳಿ ಪೊರೆ ಕಟ್ಟಿದ್ದು ಕಣ್ಣಿಗೆ ಕಾಣುತ್ತಿತ್ತು, ಕೆರೆದು ತೆಗೆಯುತ್ತಿದ್ದಳು. ಗೀಸರೂ ಅದೇ ಹಂಡೆ, ಬಾಯಿ ಮುಚ್ಚಿದೆ ಅಷ್ಟೇ. ಒಳಗೆ ಏನಾಗಿದೆ ಅಂತ ಐದಾರು ವರ್ಷ ಯಾರೂ ನೋಡುವುದಿಲ್ಲ.

ಕಾವೇರಿ ನೀರು ಬರುವ ಮನೆಯ ಗೀಸರಿಗೂ ಬೋರ್‌ವೆಲ್ ನೀರಿನ ಗೀಸರಿಗೂ ಆಯಸ್ಸಿನಲ್ಲಿ ಅಜಗಜಾಂತರ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನ (ನೀರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ) ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಸಿಗದಿದ್ದರೆ 600ರ ತನಕ ಇರಬಹುದು ಎಂದಿದೆ. ಆಳದ ಬೋರ್‌ವೆಲ್‌ಗಳಲ್ಲಿ ಆ ಮೇಲಿನ ಮಿತಿ ಮುಟ್ಟುವ ನೀರು ಅಪರೂಪವೇನಲ್ಲ. ಕಾಯಿಸಿದಾಗ ಆ ಕ್ಯಾಲ್ಸಿಯಂ ಕಲ್ಲಾಗಿ ಎಲ್ಲಕ್ಕಿಂತ ಬಿಸಿಯಾದ ಜಾಗಕ್ಕೆ, ಅಂದರೆ ಕಾಯಿಲಿಗೆ, ಅಂಟಿಕೊಳ್ಳುತ್ತದೆ.

ಆರು ವರ್ಷದ ನಮ್ಮ ಇನ್ನೊಂದು ಗೀಸರನ್ನು ಕೆಳಗಿಳಿಸಿ ಬಿಚ್ಚಿಸಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ನಟ್ ಬಿಚ್ಚಿದರೂ ಫ್ಲ್ಯಾಂಜ್ (ಕಾಯಿಲ್ ಕೂರಿಸಿದ ಮುಚ್ಚಳ) ಬರಲಿಲ್ಲ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಕಾಯಿತು. ಹೊರಬಂದ ಕಾಯಿಲ್ ಬೆಳ್ಳಗೆ, ಗಂಟುಗಂಟಾಗಿ, ಹಸಿಶುಂಠಿ ಗೆಡ್ಡೆಯಷ್ಟು ದಪ್ಪ. ಟ್ಯಾಂಕ್ ಬಗ್ಗಿಸಿದರೆ ಹಪ್ಪಳ ಮುರಿದ ಹಾಗೆ ಬಿಳಿ ಚಕ್ಕೆಗಳು ಚರಚರ ಸುರಿದವು, ಅರ್ಧ ಬಕೆಟ್ ತುಂಬಿತು. ಅಷ್ಟು ಜಾಗದಲ್ಲಿ ನೀರು ಇರಬೇಕಿತ್ತು ಅಲ್ವಾ? ಕಾಯಿಲ್ ಪಕ್ಕದ ಮೆಗ್ನೀಸಿಯಂ ಕಡ್ಡಿ ಇರಬೇಕಾದ ಕಡೆ ಒಂದು ತಂತಿ ಮಾತ್ರ ಉಳಿದಿತ್ತು.

ಆ ಕಡ್ಡಿಗೆ ಆನೋಡ್ ರಾಡ್ ಅನ್ನುತ್ತಾರೆ. ಟ್ಯಾಂಕಿನ ಕಬ್ಬಿಣ ತುಕ್ಕು ಹಿಡಿಯುವ ಬದಲು ಈ ಕಡ್ಡಿಯೇ ಕರಗಿಹೋಗಲಿ ಅಂತ ಇಟ್ಟಿರುವುದು. ಕಡ್ಡಿ ಮುಗಿದ ಮೇಲೆ ತುಕ್ಕಿನ ಸರದಿ ಟ್ಯಾಂಕಿನದು. ಬೋರ್‌ವೆಲ್ ನೀರಾದರೆ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಬೇಕು. ಇಡೀ ಗೀಸರಿನಲ್ಲಿ ನಾಲ್ಕೈದು ನೂರು ಖರ್ಚು ಮಾಡಿ ಆರೇಳು ಸಾವಿರ ಉಳಿಸುವ ಭಾಗ ಇದೊಂದೇ, ಆದರೂ ಮೆಕ್ಯಾನಿಕ್‌ಗಳು ಇದರ ಹೆಸರು ಎತ್ತುವುದು ಕಡಿಮೆ.

ಒಳಗೆ ಸುಣ್ಣ ಇದೆ ಅಂತ ಬಿಚ್ಚದೇ ತಿಳಿಯಬಹುದು. ನೀರು ಕಾಯುವಾಗ ಅರಳು ಹುರಿದ ಹಾಗೆ ಚಟಪಟ ಸದ್ದು ಬರುತ್ತದೆ. ಶವರಿನ ತೂತುಗಳಲ್ಲಿ ಬಿಳಿ ಪುಡಿ ಸಿಕ್ಕಿಕೊಳ್ಳುತ್ತದೆ. ಸ್ವಿಚ್ ಹಾಕಿದ ಕೆಲವೇ ನಿಮಿಷಕ್ಕೆ ದೀಪ ಆರಿಬಿಡುತ್ತದೆ, ಯಾಕೆಂದರೆ ಕಾಯಿಲಿಗೂ ಥರ್ಮೋಸ್ಟ್ಯಾಟಿನ ಕೊಳವೆಗೂ ಸುಣ್ಣವೇ ಸೇತುವೆ ಕಟ್ಟಿ, ನೀರು ಕಾಯುವ ಮೊದಲೇ ಥರ್ಮೋಸ್ಟ್ಯಾಟಿಗೆ ಬಿಸಿ ತಗಲುತ್ತದೆ. ಅಂದಹಾಗೆ ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ವಿಪರೀತ ಏರುತ್ತದೆ ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕಾಯಿಲಿನ ಬಿಸಿ ತಡವಾಗಿಯಾದರೂ ನೀರಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ನಷ್ಟ ಆಗುವುದು ಕಾಯಿಲಿಗೆ: ಬಿಸಿ ಬಿಡಲಾಗದೆ ಒಳಗೊಳಗೇ ಬೆಂದು ಸೀಳುತ್ತದೆ.

ಸುಣ್ಣ ತೆಗೆಯುವುದಕ್ಕೆ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ಹಾಕಿ ಬಿಚ್ಚಿದ ಕಾಯಿಲನ್ನು ಅದ್ದಿಡಿ, ಟರ್ಮಿನಲ್ ಒದ್ದೆಯಾಗದ ಹಾಗೆ. ಸೋಡಾ ಉಕ್ಕಿದ ಹಾಗೆ ನೊರೆ ಬರುತ್ತದೆ, ಒಂದೆರಡು ಗಂಟೆಗೆ ಸಡಿಲವಾಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಹಾಕಬೇಡಿ, ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ.

ಟ್ರಿಪ್ ಆಗುತ್ತಿದೆ

ಯಾವುದು ಬೀಳುತ್ತಿದೆ ನೋಡಿ. ಎಂಸಿಬಿ ಬಿದ್ದರೆ ಶಾರ್ಟ್ ಅಥವಾ ಲೋಡ್ ಜಾಸ್ತಿ. ಅದರ ಪಕ್ಕದ ಆರ್‌ಸಿಸಿಬಿ, ಅಂದರೆ ಟೆಸ್ಟ್ ಬಟನ್ ಇರುವ ಅಗಲದ್ದು, ಬಿದ್ದರೆ ಕರೆಂಟ್ ಎಲ್ಲೋ ಅರ್ಥಿಗೆ ಸೋರುತ್ತಿದೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು, ಅಷ್ಟು ಸೋರಿದರೂ ಸಾಕು.

ಸ್ವಿಚ್ ಹಾಕಿದ ತಕ್ಷಣ ಬಿದ್ದರೆ ಹುಡುಕುವುದು ಸುಲಭ. ಐದು ನಿಮಿಷ ಓಡಿ ಆಮೇಲೆ ಬೀಳುವುದು ತಲೆನೋವು, ಮೆಕ್ಯಾನಿಕ್ ಬಂದಾಗ ಎಲ್ಲ ಸರಿ ಇರುತ್ತದೆ, ಅವರು ಗೇಟ್ ದಾಟಿದ ಮೇಲೆ ಬೀಳುತ್ತದೆ. ಕಾಯಿಲಿನ ಹೊರಕವಚದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಬಿಸಿಗೆ ಅದು ತೆರೆದುಕೊಂಡಾಗ ಹೀಗಾಗುತ್ತದೆ. ವೈರ್ ಬಿಡಿಸಿ ಕಾಯಿಲಿನ ಒಂದು ಟರ್ಮಿನಲ್‌ಗೂ ಗೀಸರಿನ ಅರ್ಥ್ ಬೋಲ್ಟಿಗೂ ನಡುವೆ ಮೀಟರ್ ಹಿಡಿಯಿರಿ. ಏನೂ ತೋರಿಸಬಾರದು. ಬಿಸಿ ಇದ್ದಾಗ ಇನ್ನೊಮ್ಮೆ ನೋಡಿ. ಸಂಖ್ಯೆ ಕಂಡರೆ ಕಾಯಿಲ್ ಬದಲಿಸಿ. ಆರ್‌ಸಿಸಿಬಿ ತೊಂದರೆ ಕೊಡುತ್ತದೆ ಅಂತ ಗೀಸರನ್ನು ಅದರ ಆಚೆಯಿಂದ ಎಳೆಸಿಕೊಂಡವರನ್ನು ನೋಡಿದ್ದೇನೆ. ಅವರ ಮನೆಯಲ್ಲಿ ನಾನಂತೂ ಸ್ನಾನ ಮಾಡುವುದಿಲ್ಲ.

ಸೋರುತ್ತಿದೆ

ಒಣಬಟ್ಟೆಯಿಂದ ಎಲ್ಲ ಕಡೆ ಒರೆಸಿ, ಕೆಳಗೆ ಪೇಪರ್ ಹಾಸಿ, ಮೊದಲ ಹನಿ ಎಲ್ಲಿಂದ ಬರುತ್ತದೆ ಅಂತ ಕಾದು ನೋಡಿ. ಪೈಪ್ ಸೇರುವ ಜಾಗವಾದರೆ ವಾಷರ್, ಟೆಫ್ಲಾನ್ ಟೇಪ್, ಮುಗಿಯಿತು. ಫ್ಲ್ಯಾಂಜ್ ಸುತ್ತ ಆದರೆ ಗ್ಯಾಸ್ಕೆಟ್, ಅಂದರೆ ಅದರಡಿಯ ರಬ್ಬರ್ ಬಿಲ್ಲೆ.

ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಗಾಬರಿ ಬೇಡ, ಅದು ರಿಪೇರಿಯಲ್ಲ. 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಹೋದಾಗ ಸುಮಾರು 200 ಮಿಲಿ ಹಿಗ್ಗುತ್ತದೆ, ಒಂದು ಲೋಟದಷ್ಟು. ಹಿಂದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಅದು ವಾಲ್ವಿನಿಂದ ಬರಲೇಬೇಕು. ತಣ್ಣಗಿದ್ದಾಗಲೂ ಸೋರಿದರೆ ಒಳಗೆ ಸುಣ್ಣದ ಚೂರು ಸಿಕ್ಕಿಕೊಂಡಿರುತ್ತದೆ, ಲಿವರ್ ಎರಡು ಸಲ ಎತ್ತಿ ನೀರು ಹರಿಯಬಿಡಿ, ನಿಲ್ಲದಿದ್ದರೆ ಬದಲಿಸಿ. ಪ್ರೆಶರ್ ಪಂಪ್ ಇರುವ ಮನೆಯಾದರೆ ಅದರ ಒತ್ತಡವನ್ನೂ ನೋಡಬೇಕು. ಮಹಡಿ ಮೇಲಿನ ಟ್ಯಾಂಕ್ ಒಂದೇ ಆದರೆ 10 ಮೀಟರ್ ಎತ್ತರಕ್ಕೆ 1 ಬಾರ್ ಮಾತ್ರ, ಅಷ್ಟಕ್ಕೆಲ್ಲ ವಾಲ್ವ್ ತೆರೆಯಬಾರದು. ಅದರ ಬಾಯಿಗೆ ಮರದ ಬೆಣೆ ಹೊಡೆಯುವುದು, ಡಮ್ಮಿ ಹಾಕುವುದು ಮಾತ್ರ ಬೇಡವೇ ಬೇಡ.

ಹೊರಕವಚದ ಅಂಚಿನಿಂದ ಕಂದು ನೀರು ಇಳಿಯುತ್ತಿದ್ದರೆ ಟ್ಯಾಂಕೇ ತೂತಾಗಿದೆ. ವೆಲ್ಡಿಂಗ್ ಮಾಡಿಸುವ ಆಸೆ ಬಿಡಿ, ಒಳಗಿನ ಲೇಪ ಸುಟ್ಟು ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ. ವಾರಂಟಿ ಕಾರ್ಡ್ ಹುಡುಕಿ. ಎಷ್ಟೋ ಕಂಪನಿಗಳು ಟ್ಯಾಂಕಿಗೆ ಬೇರೆಯೇ ವಾರಂಟಿ ಕೊಟ್ಟಿರುತ್ತವೆ, ಅದು ಉಳಿದ ಭಾಗಗಳಿಗಿಂತ ಜಾಸ್ತಿ ವರ್ಷ ಇರುತ್ತದೆ.

ದುಡ್ಡಿನ ವಿಷಯ

ಬೆಂಗಳೂರಿನಲ್ಲಿ ನಾನೂ ಅಕ್ಕಪಕ್ಕದವರೂ ಕೊಟ್ಟ ದರ ಹೇಳುತ್ತೇನೆ, ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಏರುಪೇರು ಇರುತ್ತದೆ. ಬಂದು ನೋಡುವುದಕ್ಕೇ 200ರಿಂದ 400. ಥರ್ಮೋಸ್ಟ್ಯಾಟ್ 300ರಿಂದ 600, ಕಟ್‌ಔಟ್ ಅದಕ್ಕಿಂತ ಕಡಿಮೆ. ಕಾಯಿಲ್ 500ರಿಂದ 1,200. ಸೇಫ್ಟಿ ವಾಲ್ವ್ 250ರಿಂದ 500, ಆನೋಡ್ ರಾಡೂ ಹೆಚ್ಚುಕಡಿಮೆ ಅಷ್ಟೇ. ಗ್ಯಾಸ್ಕೆಟ್ ನೂರರ ಒಳಗೆ. ಬಿಚ್ಚಿ ಸುಣ್ಣ ತೆಗೆದು ಮತ್ತೆ ಕೂರಿಸಲು 500ರಿಂದ 800. ಹೊಸ 15 ಲೀಟರ್ ಗೀಸರ್ 6,000ದಿಂದ 10,000.

ಟ್ಯಾಂಕ್ ಗಟ್ಟಿ ಇದ್ದರೆ ರಿಪೇರಿ ಮಾಡಿಸಿ. ಎಂಟು ವರ್ಷ ದಾಟಿದ್ದು, ಬಿಲ್ ಹೊಸದರ ಅರ್ಧ ದಾಟುತ್ತಿದ್ದರೆ ಬೇಡ.

ಫೋನ್‌ನಲ್ಲೇ ವಿಸಿಟಿಂಗ್ ಚಾರ್ಜ್ ಎಷ್ಟು, ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೀರಾ ಅಂತ ಕೇಳಿ. ಕಾಯಿಲ್ ಹೋಗಿದೆ ಅಂದರೆ "ಮೀಟರ್ ಹಿಡಿದು ತೋರಿಸಿ ಅಣ್ಣ" ಅನ್ನಿ, ನಿಜವಾಗಿ ಕೆಲಸ ಗೊತ್ತಿರುವವರು ಬೇಸರ ಮಾಡಿಕೊಳ್ಳುವುದಿಲ್ಲ. ಹಳೆಯ ಭಾಗ ನಿಮ್ಮ ಕೈಗೇ ಕೊಡಲಿ. ಹೊಸ ಕಾಯಿಲ್ ಮೇಲೆ ಐಎಸ್‌ಐ ಗುರುತು, ಹಳೆಯದರಷ್ಟೇ ವ್ಯಾಟ್ ಇದೆಯಾ ನೋಡಿ. ಕಾಯಿಲ್ ಹೇಗೂ ಹೊರಬಂದಿರುವಾಗ ಗ್ಯಾಸ್ಕೆಟ್ಟೂ ಆನೋಡ್ ರಾಡೂ ಅದೇ ಕೂಲಿಯಲ್ಲಿ ಬದಲಿಸಿಬಿಡಿ.

ಗ್ಯಾಸ್ ಗೀಸರ್

ಕಿಡಿ ಹೊಡೆಯುತ್ತಿಲ್ಲ ಅಂದರೆ ಬ್ಯಾಟರಿ ಸೆಲ್ ಬದಲಿಸಿ ನೋಡಿ, ನೀರಿನ ಒತ್ತಡ ಕಡಿಮೆ ಇದ್ದರೂ ಹೊತ್ತಿಕೊಳ್ಳುವುದಿಲ್ಲ. ನಮ್ಮ ಕೈಲಾಗುವುದು ಇಷ್ಟೇ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ, ಮಸಿ ಕಟ್ಟಿದರೆ, ನಿಲ್ಲಿಸಿ. ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಬಿಡುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ತಲೆಸುತ್ತು ಬರುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಗ್ಯಾಸ್ ಗೀಸರ್ ಬಚ್ಚಲ ಹೊರಗಿರಬೇಕು.

ಮತ್ತೆ ಜೋಡಿಸಿದ ಮೇಲೆ

ಹೊಸ ಕಾಯಿಲ್ ಮೊದಲ ದಿನವೇ ಸುಟ್ಟುಹೋಗುವುದು ಇಲ್ಲೇ. ಟ್ಯಾಂಕ್ ಖಾಲಿ ಇದ್ದಾಗ ಸ್ವಿಚ್ ಹಾಕಬೇಡಿ. ಆಂಗಲ್ ವಾಲ್ವ್ ತೆರೆದು, ಬಿಸಿನೀರಿನ ನಲ್ಲಿಯನ್ನೂ ತೆರೆದಿಡಿ. ಮೊದಲು ಗಾಳಿ ಬುಸ್ ಅನ್ನುತ್ತದೆ, ಆಮೇಲೆ ಬಿಟ್ಟು ಬಿಟ್ಟು ನೀರು, ಆಮೇಲೆ ಒಂದೇ ಸಮನೆ ಧಾರೆ. ಧಾರೆ ಬಂದ ಮೇಲೆ ನಲ್ಲಿ ಮುಚ್ಚಿ, ಫ್ಲ್ಯಾಂಜ್ ಸುತ್ತ ಒರೆಸಿ, ಕೆಳಗೆ ಪೇಪರ್ ಹಾಸಿ. ಈಗ ಎಂಸಿಬಿ ಎತ್ತಿ. 15 ಲೀಟರ್, 2,000 ವ್ಯಾಟ್, 25 ಡಿಗ್ರಿಯ ನೀರು ಆದರೆ 60ಕ್ಕೆ ಮುಟ್ಟಲು ಸುಮಾರು 18 ನಿಮಿಷ. ಇಪ್ಪತ್ತರ ಆಸುಪಾಸಿನಲ್ಲಿ ದೀಪ ತಾನಾಗಿ ಆರಿ, ಪೇಪರ್ ಒಣಗೇ ಇದ್ದರೆ ಟವೆಲ್ ತಗೊಳ್ಳಿ, ಸ್ವಿಚ್ ಆಫ್ ಮಾಡಿ ಸ್ನಾನಕ್ಕೆ ಹೋಗಿ.